ಎರಡು ದಿನದ ಕುದುರೆ

ಕುದುರೆ ಕಂಡರೆ ಕಾಲುನೋವು ಎಂದು ನಗುತ್ತಲೇ
ಅಮ್ಮ ನನ್ನನ್ನು ಬೇಲೂರು ಬಸ್ಸು ಹತ್ತಿಸಿದಳು.
ಚೀಲದಲ್ಲಿ ಅಣ್ಣನ ಹಳೇ ಕ್ರಿಕೆಟ್ ಹೆಲ್ಮೆಟ್ಟು,
ಹತ್ತು ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ,
ಮಂಡಿಗೆ ಹಚ್ಚಲು ಅರ್ಧ ಡಬ್ಬಿ ಮುಲಾಮು.
ಬೀಳುವುದು ಅವಳಿಗೆ ಮೊದಲೇ ಗೊತ್ತಿತ್ತು.

ಹಗರೆ ದಾಟಿ ಇಳಿದರೆ ಆಲೂಗಡ್ಡೆ ಕಿತ್ತ ಹೊಲ.
ಶಿಬಿರ ಅಂದರೆ ಇಷ್ಟೇ: ಶೀಟು ಹೊದಿಸಿದ ಕೊಟ್ಟಿಗೆ,
ಸುಣ್ಣ ಬಳಿದ ಬೊಂಬು, ಬೊಂಬು ಹೊರಲು ಡ್ರಮ್ಮು,
ಮೈಸೂರಿನ ಅಶ್ವದಳದಲ್ಲಿ ಮೂವತ್ತು ವರ್ಷ ಕಳೆದು ಬಂದ
ದಫೇದಾರ್ ಮುನೀರ್ ಸಾಹೇಬರ ಸೀಟಿ.
ಎಂಟು ಮಕ್ಕಳು, ಐದು ತಟ್ಟು.

ಎಸ್ಟೇಟಿನ ಹುಡುಗರಿಗೆ ಬೂಟಿತ್ತು, ಕೈಗವಸಿತ್ತು,
ಯಾವ ಕುದುರೆ ಒಳ್ಳೆಯದೆಂಬ ಸುದ್ದಿಯೂ ಇತ್ತು.
ನನ್ನ ಪಾಲಿಗೆ ಉಳಿದದ್ದು ಗುಲಾಬ್:
ಬೇಯಿಸಿದ ಹುರುಳಿಯ ಬಣ್ಣ, ತುದಿ ಹರಿದ ಎಡಗಿವಿ,
ಹಣೆಗೂದಲಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಒಂದು ಜರಿಯ ಎಳೆ.
"ಇದು ಎಲ್ಲಿಯದು ಸಾರ್?" ಅಂದರೆ
"ಮೊದಲು ಗೊರಸು ಎತ್ತು. ಮಾತು ಆಮೇಲೆ."

ಭುಜಕ್ಕೆ ಭುಜ ಕೊಟ್ಟು, ಅಂಗೈ ಜಾರಿಸುತ್ತ ಕೆಳಗಿಳಿದು,
ಬಾಗಿ ಕೇಳಬೇಕು: ಕೊಡು.
ಕೇಳಿದೆ. ಗುಲಾಬ್ ಯೋಚಿಸಿತು.
ತನ್ನ ಭಾರವನ್ನೆಲ್ಲ ನನ್ನ ಮೇಲೆ ಒರಗಿಸಿ
ಮೂಗಿನಿಂದ ಉದ್ದಕ್ಕೆ ಉಸಿರುಬಿಟ್ಟಿತು.
ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಕಾಲು ಕೊಟ್ಟಿತು.
ಕ್ಲಾಸಿನಲ್ಲಿ ಯಾರೂ ನನಗೆ ರಬ್ಬರನ್ನೂ
ಅಷ್ಟು ನಂಬಿ ಕೊಟ್ಟಿರಲಿಲ್ಲ.

ಶನಿವಾರ ಮೂರು ಸಲ ಬಿದ್ದೆ.
ಮೊದಲ ಸಲ ಅತ್ತೆ. ಎರಡನೆಯದಕ್ಕೆ ಲಗಾಮು ಬಿಡಲಿಲ್ಲ.
ಮೂರನೆಯ ಸಲ ಮಣ್ಣಿಗೆ ಕೈಯೂರಿದಾಗ
ಬೆರಳಿಗೆ ಸಿಕ್ಕಿತು ಕೂಲಿಯವರು ಬಿಟ್ಟುಹೋದ ಆಲೂಗಡ್ಡೆ,
ಗೋಲಿಯಷ್ಟು. ಜೇಬಿಗೆ ಹಾಕಿಕೊಂಡೆ.
"ಕುದುರೆಗೆ ತಿನ್ನಿಸೀಯ, ಹೊಟ್ಟೆನೋವು ಬರ್ತದೆ!"
ಸಾಹೇಬರಿಗೆ ಬೆನ್ನಲ್ಲೂ ಕಣ್ಣು.
"ಮೊಟ್ಟೆ ಹಿಡಿದ ಹಾಗೆ ಲಗಾಮು ಹಿಡಿ.
ಕೆರೆ ಏರಿ ಮೇಲೆ ನಡೆಯೋ ಹಾಗೆ ನೋಡು. ಮುಂದೆ, ಮುಂದೆ."

ರಾತ್ರಿ ಜಮಖಾನದ ಮೇಲೆ
ಎಂಟು ಜನರ ತೊಡೆಯೂ ಒಂದೇ ಸಮ ಉರಿಯಿತು.
ಬೂಟಿನ ಹುಡುಗ ಋತ್ವಿಕ್ ನನ್ನ ಮುಲಾಮು ಕೇಳಿದ.
ಗೋಡೆಯಾಚೆ ಹುರುಳಿ ಜಗಿಯುವ ಸದ್ದು,
ಯಾರೋ ಜಲ್ಲಿಯ ಮೇಲೆ ನಡೆದಂತೆ.

ಭಾನುವಾರ, ಕೊನೆಯ ಸುತ್ತು. ಆರು ಬೊಂಬು.
ಅಪ್ಪ ಬಂದಿದ್ದರು, ಡಿಪೋದ ಖಾಕಿಯಲ್ಲೇ.
ಅಮ್ಮ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು.
ಒಂದು. ಎರಡು. ನನ್ನ ಮಂಡಿ ಹೇಳುವ ಮೊದಲೇ
ಗುಲಾಬ್‌ಗೆ ತಿಳಿಯುತ್ತಿತ್ತು. ಮೂರು.
ನಾಲ್ಕರ ಮುಂದೆ, ರಸ್ತೆಯಲ್ಲಿ
ದಿಬ್ಬಣದ ಲಾರಿ, ಅದರ ಹಿಂದೆ ಬ್ಯಾಂಡು.

ಕಿವಿ ನಿಮಿರಿದವು. ಹರಿದದ್ದೂ ನಿಮಿರಿತು.
ಓಟ ಎಲ್ಲೋ ಸೋರಿಹೋಗಿ
ಕಾಲುಗಳು ಇದ್ದಲ್ಲೇ ಎತ್ತಿ ಇಡತೊಡಗಿದವು,
ಕುತ್ತಿಗೆ ಬಿಲ್ಲಾಗಿ, ಡೋಲಿನ ಪೆಟ್ಟಿಗೆ ಸರಿಯಾಗಿ,
ಬೆನ್ನ ಮೇಲೆ ಪೇಟದ ಮದುವಣಿಗನೊಬ್ಬ ಕೂತಿರುವಂತೆ,
ಅವನನ್ನು ಬೀಳಿಸಬಾರದೆಂಬಂತೆ.
ಜನ ನಕ್ಕರು. ನಾನು ಹಿಮ್ಮಡಿ ಒತ್ತಲಿಲ್ಲ.
ಜರಿಯ ಎಳೆ ಎಲ್ಲಿಯದೆಂದು ಈಗ ಯಾರೂ ಹೇಳಬೇಕಿರಲಿಲ್ಲ.

ಎಷ್ಟು ಪೇಟೆ, ಎಷ್ಟು ರಾತ್ರಿ, ಎಷ್ಟು ಜನರೇಟರಿನ ಬೆಳಕು
ಈ ಕಾಲುಗಳಿಗೆ ಇದನ್ನು ಕಲಿಸಿದವೋ, ಹೇಗೆ ಕಲಿಸಿದವೋ.
ನಿನ್ನೆ ಗೊರಸು ಕೇಳಿದಾಗ ಅದು ಯೋಚಿಸಿದ್ದು ಅದನ್ನೇ ಏನೋ.
ಬ್ಯಾಂಡು ತಿರುವಿನಲ್ಲಿ ಕರಗುವ ತನಕ
ಆಲೂಗಡ್ಡೆ ಹೊಲದ ನಡುವೆ ನಾವಿಬ್ಬರೂ ಕುಣಿದೆವು.
ಆಮೇಲೆ ತಾನಾಗಿಯೇ ನಾಲ್ಕನ್ನು ಹಾರಿತು.
ಐದು ಬಿತ್ತು. ಆರು ಹಾರಿತು.

ರಿಬ್ಬನ್ನು ಋತ್ವಿಕನಿಗೆ. ನ್ಯಾಯವಾಗಿಯೇ.
ಸಾಹೇಬರು ನನ್ನ ಹೆಸರಿನೆದುರು
ಏನೋ ಬರೆದರು, ತೋರಿಸಲಿಲ್ಲ.
"ಛಡಿ ಕೈಯಲ್ಲೇ ಇತ್ತಲ್ಲ, ಯಾಕೆ ಎತ್ತಲಿಲ್ಲ?"
"ಅದು ಕೆಲಸ ಮಾಡ್ತಿತ್ತು ಸಾರ್," ಅಂದೆ.
ಅವರು ಸೀಟಿಯನ್ನು ಒರೆಸಿ ಜೇಬಿಗಿಟ್ಟುಕೊಂಡರು.

ವಾಪಸು ಬಸ್ಸಿನಲ್ಲಿ ನಿಂತೇ ಬಂದೆ, ಕೂರಲಾಗದೆ.
ಅಪ್ಪ ಹಿಡಿದಿಟ್ಟ ಸೀಟಿನಲ್ಲಿ ನನ್ನ ಹೆಲ್ಮೆಟ್ಟು ಕೂತಿತ್ತು.
ಅಂಗೈ ಮೂಸಿದರೆ ಇನ್ನೂ ಗುಲಾಬ್‌ನ ಬೆವರು.
"ಮನೆಗೆ ಹೋದ ತಕ್ಷಣ ಕೈ ತೊಳಿ," ಅಂದಳು ಅಮ್ಮ.
ಹ್ಞೂಂ ಅಂದೆ.
ತೊಳೆಯಲಿಲ್ಲ.