ಹಸಿ ಬ್ರಷ್ಷು

ನನ್ನ ರಾತ್ರಿ ಮುಗಿಯೂದು ಮುಂಜಾನಿ ಏಳಕ್ಕ.
ವರ್ಕ್‌ಶಾಪಿನ ಗೇಟಿಂದ ಸೈಕಲ್ ಹೊರಳಿಸಿ
ಗದಗ ರೋಡ್ ದಾಟಿ ಓಣಿಗೆ ಬರೂದ್ರಾಗ
ಹಿತ್ತಲದಾಗ ಅರಬಿ ಒಗಿಯೂ ಕಲ್ಲಿನ ಮ್ಯಾಲ
ದಾಕ್ಷಿ ಕಣ್ಣು ಮುಚ್ಚಿಕೊಂಡು ಕುಂತಿರತಿದ್ಲು,
ಬಾಯಾಗ ಬ್ರಷ್ಷು,
ಬ್ರಷ್ಷಿನ ಮ್ಯಾಲ ಪೇಸ್ಟ್ ಇಲ್ಲ.

ಒಳಗಿಂದ ಶೈಲಾ: "ಹಿಂದಿನ ಹಲ್ಲು! ಹಿಂದಿನ ಹಲ್ಲು ತಿಕ್ಕು!"
ದಿನಾ ಕೂಗಿ ಕೂಗಿ ಆಕಿ ಮಾತು
ಕುಕ್ಕರಿನ ಸೀಟಿ ಆಗಿತ್ತು,
ಓಣಿಗೆಲ್ಲಾ ಕೇಳತಿತ್ತು, ಯಾರೂ ಏಳತಿರಲಿಲ್ಲ.

ನಮ್ಮವ್ವ ಫಕ್ಕೀರವ್ವ ಕೂಗತಿರಲಿಲ್ಲ.
ಒಲಿ ಇದ್ದಲಿ ಕುಟ್ಟಿ, ಉಪ್ಪು ಬೆರಸಿ,
ತೋರಬೆರಳಿಗೆ ಹಚ್ಚಿಕೊಂಡು "ಬಾಯಿ ತೆರಿ" ಅಂತಿದ್ಲು.
ತೆರೀಲಿಲ್ಲಂದ್ರ ಮೂಗು ಹಿಡೀತಿದ್ಲು.
ಅವ್ವ ಹೋದ ವರ್ಷಾನ ನಾ ಬಿಟ್ಟೆ.
ಮೂಗು ಹಿಡಿಯೋರು ಇಲ್ಲಂದಮ್ಯಾಲ
ಬಾಯಿ ಯಾರಿಗಂತ ತೆರೀಬೇಕು?
ಎರಡು ದವಡಿ ಹಲ್ಲು ಕೀಳಿಸೇನಿ.
ಮನ್ಯಾಗ ಹೇಳಿಲ್ಲ.

ಒಂದಿನ ಆ ಕಲ್ಲಿನ ಮ್ಯಾಲಿಂದ, ಒಂದ ಕಣ್ಣು ತೆರದು:
"ಅಪ್ಪಾ, ಟೀಚರ್ ಹೇಳ್ಯಾರ, ಎರಡು ಸಲ.
ಎದ್ದ ಮ್ಯಾಲ ಒಂದು, ಮಲಗೂಕಿಂತ ಮೊದಲ ಒಂದು.
ನೀ ಈಗ ಮಲಗತಿ, ಹೌದಿಲ್ಲ?"

ಹೌದು.
ಆಕಿ ಮುಂಜಾನಿ, ನನ್ನ ರಾತ್ರಿ,
ಎರಡೂ ಒಂದ ಕಲ್ಲಿಗೆ ಬಂದು ನಿಂತಿದ್ವು.

ದುರ್ಗದಬೈಲಿನಾಗ ಬ್ರಷ್ಷು ತಗೊಂಡೆ.
"ಗಟ್ಟಿದು ಬೇಕೋ, ಮೆತ್ತಂದು ಬೇಕೋ?" ಅಂದ ಅಂಗಡ್ಯಾಂವ.
ನಲವತ್ತಮೂರು ವರ್ಷದಾಂವ ನಾ,
"ಮೆತ್ತಂದು" ಅನ್ನೂದಕ್ಕ ನಾಚಿಕಿ ಬಂತು,
ಬಲೂನ್ ಕೇಳಿಧಂಗ.

ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ.
ಇಬ್ಬರಿಗೂ ಒಂದ ತಂಬಗಿ.
ಮೊದಲ ಕೈ: ಬೆರಳ ಸಂದಿ, ಉಗುರ ಸಂದಿ, ಮುಂಗೈ,
ಗ್ರೀಸು ಅಷ್ಟು ಸರಳ ಬಿಡೂ ಜಾತಿ ಅಲ್ಲ.
ಆಕಿ ಕೈಗೆ ಪೆನ್ಸಿಲ್ಲಿನ ಕರಿ ಸೈತ ಇರತಿರಲಿಲ್ಲ,
ಆದರೂ ಮೊಣಕೈತನಕ ತಿಕ್ಕತಿದ್ಲು
ರಾತ್ರಿಯೆಲ್ಲಾ ಎಂಜಿನ್ ಬಿಚ್ಚಿ ಬಂದೋರಂಗ.

ಆಮ್ಯಾಲ ಹಲ್ಲು. ಒಂದೊಂದು ಹಲ್ಲು ಒಂದೊಂದು ಡಬ್ಬಿ.
ಅವಸರ ಮಾಡಿ ಮುಕ್ಕಳಿಸಾಕ ಹೋದ್ರ
"ಗಾರ್ಡ್ ಡಬ್ಬಿ ಬಿಟ್ಟಿ ನೋಡು" ಅಂತಿದ್ದೆ.
ಕಟ್ಟಕಡೀ ದವಡಿತನಕ ಬ್ರಷ್ಷು ಹೋಗಿ ಬರತಿತ್ತು.
ಮೂರನೇ ದಿನಾನೋ ನಾಕನೇ ದಿನಾನೋ
ನನ್ನ ಬಾಯಾಗ ಬಗ್ಗಿ ನೋಡಿ ಕೇಳಿದ್ಲು:
"ಅಪ್ಪಾ, ನಿನ್ನ ಗಾರ್ಡ್ ಡಬ್ಬಿ ಎಲ್ಲಿ?"

ಕಟ್ ಆಗಿ ಹಿಂದ ಉಳೀತವ್ವಾ, ಅಂದೆ.
ಅಡಗಿಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.

ನನ್ನ ಪಾಳಿ ಬದಲಾತು. ಹಗಲಿಗೆ ಹಾಕಿದ್ರು.
ಆಕಿ ಏಳೂದ್ರಾಗ ನಾ ಹೋಗಿರತಿದ್ದೆ.
"ದಿನಾ ತಿಕ್ಕತಾಳ," ಶೈಲಾ ಅಂದ್ಲು, "ಬ್ರಷ್ಷು ಹಸಿ ಇರತೈತಿ."
ಐತ್ವಾರ ನೋಡಿದೆ.
ಬ್ರಷ್ಷು ಹಸಿ ಇತ್ತು.
ಪೇಸ್ಟಿನ ಟ್ಯೂಬು ಹೋದ ಐತ್ವಾರದಷ್ಟ ದಪ್ಪ ಇತ್ತು.

ನನಗ ಗೊತ್ತು ಈ ಆಟ.
ಸಾಹೇಬರು ತಪಾಸಣಿಗೆ ಬರೂ ದಿನ
ಹೊರಗಷ್ಟ ಎಣ್ಣಿ ಸವರಿ ನಿಂತೇವಿ ನಾವೂ.

ಬೈಲಿಲ್ಲ. ಶೈಲಾಗೂ ಹೇಳಲಿಲ್ಲ.
ಅವತ್ತ ರಾತ್ರಿ ಊಟ ಆದಮ್ಯಾಲ
ಹಿತ್ತಲದ ಬಲ್ಬ್ ಹಚ್ಚಿ, ತಂಬಗಿ ತುಂಬಿ,
ಕಲ್ಲಿನ ಮ್ಯಾಲ ಕುಂತೆ. ಒಬ್ಬನ.
"ನಾ ಈಗ ಮಲಗತೀನಿ," ಅಂದೆ, ಬಲ್ಬಿಗೆ ಅಂದಂಗ.

ಹೊಸ್ತಿಲದಾಗ ಭಾಳ ಹೊತ್ತು ನಿಂತಿದ್ಲು,
ಒಂದ ಕಾಲು ಒಳಗ, ಒಂದ ಕಾಲು ಹೊರಗ.
ಟಿವಿಯೊಳಗ ಯಾರೋ ನಗತಿದ್ರು.
ಆಮ್ಯಾಲ ತನ್ನ ಬ್ರಷ್ಷು, ಪೇಸ್ಟು ತಗೊಂಡು ಬಂದು
ಸರೀ ಅಂತ ನನ್ನ ದೂಡಿ, ಬಾಜೂಕ ಕುಂತು
ಮುಖಕ್ಕ ಮುಖ ತಂದು
ಅಂದ್ಲು, ಥೇಟ್ ಫಕ್ಕೀರವ್ವನಂಗ:

"ಬಾಯಿ ತೆರಿ."

ತೆರದೆ.
ಮೂಗು ಹಿಡೀಲಿಲ್ಲ.