ಮಣಿಕಟ್ಟಿನ ಅಗಸಿ

ನವನಗರದ ಸೆಕ್ಟರ್ ನಲವತ್ತೆರಡು,
ಝೆರಾಕ್ಸ್ ಅಂಗಡಿ ಮ್ಯಾಲಿನ ಖೋಲಿ.
ಮೆಹರೂನ್ ಅತ್ತಾರ ಡಾಕ್ಟರು
ನಾಲಿಗಿ ಚಾಚ್ರಿ ಅಂದ್ರು, ಚಾಚಿದೆ.
ಎರಡೂ ಕೈಯಾಗ ಮೂರ್ಮೂರು ಬೆರಳಿಟ್ಟು
ನಾಡಿ ಹಿಡದು ಸುಮ್ಮನ ಕೂತ್ರು,
ದೂರದ ಓಣ್ಯಾಗ ಯಾರೋ ಕರಿಯೂದನ್ನ
ಕಿವಿಗೊಟ್ಟು ಕೇಳೋರಂಗ.

"ಎಷ್ಟಕ್ಕ ಎಚ್ಚರಾಗ್ತೈತ್ರಿ?"
ಮೂರು ಹತ್ತಕ್ಕ.
"ದಿನಾ?"
ಗಡಿಯಾರ ತಪ್ಪಬಹುದು, ನಾ ತಪ್ಪೂದಿಲ್ರಿ.

ಗ್ವಾಡಿ ಮ್ಯಾಲೆ ಚೀನಾದ ಪಟ.
ಬತ್ತಲೆ ಮನಷ್ಯಾ, ಮೈತುಂಬ ಗೆರಿ,
ಗೆರಿಗುಂಟ ಚುಕ್ಕಿ, ಚುಕ್ಕಿಗೊಂದು ನಂಬರು.
ನೋಡಿದ ಕೂಡಲೇ ಕೈ ನಡಗಿತು.
ಈ ನಕಾಶಿ ನನಗ ಗೊತ್ತು:
ಕಿಲ್ಲಾದಿಂದ ಹೊಳಿಮಟ ಓಣಿ, ಓಣಿಗೆ ಸಂದಿ,
ಸಂದಿಗೆ ಮನಿ, ಮನಿಗೊಂದು ನಂಬರು.
ಬರದಾಂವ ನಾನ.
ಪುನರ್ವಸತಿ ಆಫೀಸಿನ ಪೇಂಟರ್, ದಿನಗೂಲಿ,
ಕೆಂಪು ಬಣ್ಣದ ಡಬ್ಬಿ, ಎರಡಿಂಚಿನ ಬ್ರಶ್ಶು,
ಹಿಂದ ಸರ್ವೇ ಸಾಹೇಬ್ರು, ಮುಂದ ಬೊಗಳೋ ನಾಯಿ.
ಮುಳುಗೋ ಊರಿನ ಬಾಗಿಲಿಗೆಲ್ಲ
ನನ್ನ ಅಂಕಿ ದುಂಡಗ ಕೂತಿದ್ದವು.

ಡಾಕ್ಟರು ಹೇಳಿದ್ರು: ಚೀನಾ ಮಂದಿ ಲೆಕ್ಕದಾಗ
ಮೂರರಿಂದ ಐದು ಪುಪ್ಪಸದ ಹೊತ್ತು,
ದುಃಖ ಅಲ್ಲೇ ಬಿಡಾರ ಹೂಡ್ತೈತಿ.
ಮೈಯಾಗೊಂದು ಹರಿವು ಐತಿ, ಅದಕ್ಕ ಚೀ ಅಂತಾರ.
ಛೀ ಅನಿಸ್ಕೊಂಡು ಭಾಳ ವರ್ಷಾತ್ರಿ, ಅಂದೆ.
ಅವರು ನಗಲಿಲ್ಲ.
"ಎಲ್ಲೋ ಒಡ್ಡು ಬಿದ್ದೈತಿ, ಹಿನ್ನೀರು ನಿಂತೈತಿ."
ಬಾಗಲಕೋಟಿಯವನ ಮುಂದ
ಹಿನ್ನೀರಿನ ಮಾತು ಆಡಬ್ಯಾಡ್ರಿ ತಾಯಿ.

ಮೊದಲಿನ ಸೂಜಿ ಕಾಲಿಗೆ, ಎರಡನೇದು ಹುಬ್ಬಿನ ನಡುವ.
ಕೂದಲೆಳಿಯಂಥಾದು. ಅವ್ವನ ಕೌದಿ ದಬ್ಬಣ ಕಂಡಾವಗ
ಇದೂ ಒಂದು ಸೂಜಿ ಏನು ಅನಿಸಿತು.
ಮೂರನೇದು ಮಣಿಕಟ್ಟಿನ ಗೆರಿ ಮ್ಯಾಲೆ, ಕಿರಿಬೆರಳಿನ ಕಡಿಗೆ.
"ಇದರ ಹೆಸರು ಶೆನ್‌ಮೆನ್. ಜೀವದ ಬಾಗಿಲಾ."
ಬಾಗಿಲಲ್ರಿ, ಅಗಸಿ ಅನ್ರಿ.
ಬಾಗಿಲಕ್ಕ ಬಣ್ಣಾ ಹಚ್ಚೀನಿ. ಅಗಸಿ ಮುಟ್ಟಿಲ್ಲ.

ಸೂಜಿ ತಿರುವಿದ್ರು. ಜೋಮು,
ತೋಳಿನಗುಂಟ ಇರಿವಿ ಸಾಲು,
ಬಗಲಾಗ ಹೊಕ್ಕು, ಎದಿಯಾಗ ನಿಂತು
ಒಂದು ಮನಿ ಕದಾ ಬಡೀತು.

ಹನ್ನೊಂದುನೂರಾ ಎಂಟು.
ಮಟಮಟ ಮಧ್ಯಾಹ್ನ. ಆಕಿ ಗಿಂಡ್ಯಾಗ ಮಜ್ಜಿಗಿ ತಂದಳು,
ನಾ ಕುಡಿಯೂತನಾ ನಿಂತಳು, ನಂಬರ್ ನೋಡಿದಳು.
"ಎಂಟು ಸೊಟ್ಟಾಗೇತಿ ನೋಡಪಾ.
ಚಂದಾಗಿ ಬರಿ. ನಾಳೆ ಮೀನಾ ಓದಬೇಕಲ್ಲ."
ಒರಸಿ ಮತ್ತ ಬರದೆ.
ಆಕಿ ಗಿಂಡಿ ತೊಳಿಯಾಕ ಒಳಗ ಹೋದಳು.

ಇಪ್ಪತ್ತು ನಿಮಿಷ. ಫ್ಯಾನು ಟಕ್ ಟಕ್.
ಕೆಳಗ ಝೆರಾಕ್ಸ್ ಮಷಿನ್ನು
ಯಾರದೋ ಉತಾರದ ನಕಲು ತಗಿಯೂ ಸಪ್ಪಳ.
ಕಣ್ಣೀರು ಕಿವಿಯಾಗ ಇಳೀತು.
ಒರಸೂಣಂದ್ರ ಕೈ ಎತ್ತಂಗಿಲ್ಲ, ಕೈಯಾಗ ಸೂಜಿ.
"ಇಳೀಲಿ ಬಿಡ್ರಿ" ಅಂದ್ರು ಡಾಕ್ಟರು, ಕಿಡಕಿ ಕಡೆ ಮುಖ ಮಾಡಿ.

ಇನ್ನ ಒಂಬತ್ತು ಸಲ ಬರಬೇಕಂತ.
ಆರಾಮ ಆಕ್ಕೈತಿ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಮಣಿಕಟ್ಟಿಗೆ ಪೆನ್ನಿನ್ಲೆ ಚುಕ್ಕಿ ಇಟ್ಟು ಕಳಿಸಿದ್ರು:
ಎಚ್ಚರಾದ್ರ ಇಲ್ಲಿ ಒತ್ತಿ ಹಿಡೀರಿ.

ರಾತ್ರಿ ಎಚ್ಚರಾತು. ಮೂರು ಹತ್ತs.
ಒತ್ತಿ ಹಿಡದು ಕೂತೆ, ಅಗಸಿ ಕಾಯೋ ಆಳಿನಂಗ.
ಬಂದಾವೆಲ್ಲ ತಂತಮ್ಮ ನಂಬರ್ ಹೇಳಿ ಒಳಗ ಹಾದವು.
ಹನ್ನೊಂದುನೂರಾ ಎಂಟು ಬಂತು.
ನಂಬರ್ ಬ್ಯಾಡಬೇ, ಹೆಸರು ಹೇಳು, ಅಂದೆ.

ರಜಿಸ್ಟರಿನಾಗ ಗಂಡನ ಹೆಸರಿತ್ತು, ಮಾವನ ಹೆಸರಿತ್ತು,
ಗ್ವಾಡಿ ಮಣ್ಣಿಂದೋ ಕಲ್ಲಿಂದೋ ಬರದಿತ್ತು,
ಮನಿ ಮುಂದಿನ ಬೇವಿನ ಗಿಡಕ್ಕೂ
ಒಂದು ಕಾಲಮ್ ಇತ್ತು.