ಮೂರು ಮೊಳದ ಮೇಜು

ಮೂರು ಮೊಳ. ಪುರಸಭೆಯವರು ಸೀಮೆಸುಣ್ಣದಲ್ಲಿ
ಗೆರೆ ಎಳೆದು ಕೊಟ್ಟದ್ದು ಅಷ್ಟೇ.
ಆ ಮೂರು ಮೊಳದೊಳಗೆ ಇಡೀ ಚಳಿಗಾಲವನ್ನು ಹರಡಬೇಕು ನಾಳೆ,
ದಾಲ್ಕಾವೆಯ ದಕ್ಕೆಯಲ್ಲಿ, ಭಾನುವಾರದ ಸಂತೆಗೆ.

ಹಾಸಿಗೆಯ ಮೇಲೆ ಎಲ್ಲ ಸುರಿದುಕೊಂಡು ಕೂತಿದ್ದೇನೆ.
ಬೆಕ್ಕು ಆಗಲೇ ತನ್ನ ಪಾಲಿನದನ್ನು ಆರಿಸಿಕೊಂಡಿದೆ:
ಬೂದು ಶಾಲು. ರೋಮ ಹೆಕ್ಕುತ್ತ ಕೂರಲು ಪುರುಸೊತ್ತಿಲ್ಲ,
ಸರಿ, ಶಾಲು ಬೆಕ್ಕಿಗೆ.

ಕಾಲುಚೀಲ ಹನ್ನೊಂದು ಜೊತೆ.
ಯಾವುದು ಯಾವಾಗಿನದು ಅಂತ ಬೆರಳಿಗೆ ಗೊತ್ತು.
ಈ ಬಿಗಿ ಹೆಣಿಗೆ ಜೂನ್ ತಿಂಗಳಿನದು,
ದೋಣಿಯ ಎಂಜಿನ್ನಿಗೆಂದು ಗಂಡ ನನ್ನ ಕುರಿ ಮಾರಿದ ವಾರ.
ಸಿಟ್ಟಲ್ಲಿ ಹೆಣೆದದ್ದು ಬಾಳಿಕೆ ಬರುತ್ತದೆ, ನೀರೂ ಇಳಿಯುವುದಿಲ್ಲ.
ಖುಷಿಯಲ್ಲಿ ಹೆಣೆದವು ಸಡಿಲ,
ಹಿಮ್ಮಡಿಯಿಂದ ಜಾರುತ್ತವೆ;
ಅವನ್ನು ಮನೆಯವರೇ ಹಾಕಿಕೊಳ್ಳಲಿ.

ಕಲ್ಲುಹೂವಿನಲ್ಲಿ ಬೇಯಿಸಿದ ಕಂದು ಕಂಬಳಿ?
ಎರಡು ತಿಂಗಳು ನೆಲದ ಮಗ್ಗದ ಮುಂದೆ ಮೊಣಕಾಲೂರಿದ್ದೆ.
ಹಡಗಿನಿಂದಿಳಿದ ಹೆಂಗಸರು ಮುಟ್ಟುತ್ತಾರೆ, ಮೂಸುತ್ತಾರೆ,
"ಹೊಗೆ ವಾಸನೆ" ಅನ್ನುತ್ತಾರೆ.
ಹೊಗೆಯಿಲ್ಲದ ಮನೆಯಲ್ಲಿ ಉಣ್ಣೆ ಒಣಗುವುದು ಹೇಗೆ ತಾಯಿ?
ಮೇಜಿನ ಅರ್ಧ ಅದಕ್ಕೇ ಹೋಗುತ್ತದೆ.
ಆದರೂ ಇರಲಿ, ಅಂಚಿನಿಂದ ಇಳಿಬಿಟ್ಟರೆ
ಕಾಲಿಗೆ ಗಾಳಿ ತಾಕುವುದಿಲ್ಲ.

ಉಣ್ಣೆಯ ಪೆಂಗ್ವಿನ್ನು. ಇಪ್ಪತ್ತು.
ನಾನು ಪೆಂಗ್ವಿನ್ ಕಂಡದ್ದು ಒಂದೇ ಸಲ, ಅದೂ ಸತ್ತದ್ದನ್ನು.
ಯಾವತ್ತೂ ಬೋಣಿ ಮಾಡಿಸುವವು ಮಾತ್ರ ಅವೇ.
ಡಬ್ಬಿಗೆ ಹಾಕಿದೆ, ಮುಖ ಕೆಳಗೆ ಮಾಡಿ.

ಇನ್ನು ಟೋಪಿ.

ಟೋಪಿಯ ವಿಷಯ ಬೇರೆ.
ನನ್ನ ತಂಗಿ ಎದೆಲ್ಮಿರಾಳ ಮೇಜು ನನ್ನದಕ್ಕೆ ಅಂಟಿಕೊಂಡೇ ಇದೆ.
ಇಬ್ಬರಿಗೂ ಅಮ್ಮ ಕಲಿಸಿದ್ದು ಒಂದೇ ಟೋಪಿ:
ಕಿವಿ ಮುಚ್ಚಲು ಎರಡು ಪಟ್ಟಿ, ನೆತ್ತಿಯಲ್ಲೊಂದು ತಪ್ಪು ಗಂಟು.
ತಪ್ಪು ಅಮ್ಮನದು. ನಾವು ಅದನ್ನೂ ಕಲಿತೆವು.

ಹೋದ ವರ್ಷ ಕೆಂಪು ಕೋಟಿನ ಗಿರಾಕಿಯೊಬ್ಬ
ನಮ್ಮಿಬ್ಬರ ನಡುವೆ ಬಂದು ನಿಂತ.
ಅವಳು ಎಂಟು ಸಾವಿರ ಅಂದಳು, ನಾನು ಏಳು.
ಅವಳು ಆರು. ನಾನು ಐದು.
ಅವನು ಬಾಯೇ ಬಿಡಲಿಲ್ಲ, ಬರೀ ಕತ್ತು ತಿರುಗಿಸುತ್ತಿದ್ದ.
ಮೂರು ಸಾವಿರಕ್ಕೆ ನನ್ನದು ಹೋಯಿತು. ಉಣ್ಣೆಯ ಅಸಲೂ ಹುಟ್ಟಲಿಲ್ಲ.
ಗೆದ್ದೆ.
ಆವತ್ತಿನಿಂದ ಮಾತಿಲ್ಲ.

ಹದಿನಾಲ್ಕು ಟೋಪಿ. ಗಂಟಿಗೆ ಹಾಕಿದೆ, ತೆಗೆದೆ. ಮತ್ತೆ ಹಾಕಿದೆ.
ಒಲೆಯ ಕೆಂಡ ಬೂದಿಯಾಗುವ ಹೊತ್ತಿಗೆ
ಎಲ್ಲವನ್ನೂ ಆಲೂಗಡ್ಡೆ ಚೀಲದ ಹಿಂದಕ್ಕೆ ತಳ್ಳಿದೆ.
ಅವಳೇ ಮಾರಿಕೊಳ್ಳಲಿ, ಹಲ್ಲು ಕಟ್ಟಿಸಬೇಕಂತೆ.
ದೊಡ್ಡ ಮನಸ್ಸೇನಲ್ಲ;
ಹಾಗೆ ಇನ್ನೊಂದು ಸಲ ಗೆಲ್ಲುವುದು ನನಗೆ ಬೇಡವಿತ್ತು.

ಬೆಳಿಗ್ಗೆ ಕಡವಿನಲ್ಲಿ ಚರ್ಮ ಸುಲಿಯುವ ಗಾಳಿ.
ದೋಣಿಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು,
ನಡುವೆ ಒಂದು ಹಾಲಿನ ಲಾರಿ.
ಮೇಜಿನ ಮೇಲೆ ಅವಳು ಬಿಡಿಸಿದ್ದು
ಜೊಂಡಿನ ಬುಟ್ಟಿ, ಬಳ್ಳಿಯ ಪೊರಕೆ, ಕೈಗವಸು.
ಟೋಪಿ ಇಲ್ಲ.
ಅಡಿಯಲ್ಲೇನಾದರೂ ಬಚ್ಚಿಟ್ಟಿದ್ದಾಳೋ ಅಂತ ಬಗ್ಗಿದೆ.
ಅವಳೂ ಬಗ್ಗಿದ್ದಳು, ನನ್ನ ಮೇಜಿನಡಿಗೆ.

ಹತ್ತು ಗಂಟೆಗೆ ಹಡಗಿನ ಜನ ಬಂದರು, ಕಿವಿ ಹಿಡಿದುಕೊಂಡು.
"ಟೋಪಿ ಇದೆಯೇ?"
ನಾನು ಅವಳ ಮೇಜಿನ ಕಡೆ ಕೈ ತೋರಿಸಿದೆ.
ಅವಳ ಕೈ ನನ್ನ ಕಡೆಗಿತ್ತು.

ಮಧ್ಯಾಹ್ನದವರೆಗೂ ಕೇಳುತ್ತಲೇ ಇದ್ದರು.
ನಮ್ಮ ಕಿವಿಗಳೂ ಕೆಂಪಾಗಿದ್ದವು.
"ಮೂವತ್ತೊಂದು ಜನ," ಅಂದಳು ತಂಗಿ,
ಬುಟ್ಟಿಗೆ ಹೇಳುವಂತೆ, ಒಂದು ವರ್ಷದ ಮೇಲೆ.
"ಮೂವತ್ತೆರಡು," ಅಂದೆ.
"ಪೆಂಗ್ವಿನ್ ಕೊಂಡವನನ್ನು ಬಿಟ್ಟೆ ನೀನು."